ಮಂಗಟ್ಟೆಗೊಂದು ಸುತ್ತೋಲೆ

ಕೊಡಗಿನ ಹೋಮ್‌ಸ್ಟೇಗಳ ಜಗಲಿಯಲ್ಲಿ ಈಗ ಹಕ್ಕಿಯ ಚಿತ್ರ ತೆಗೆಯಲು ಬಂದ ಅತಿಥಿಗಳನ್ನು ಊರು, ಮನೆತನ ವಿಚಾರಿಸುವ ಮೊದಲೇ ಕ್ಯಾಮೆರಾದ ‘ಸೆಟ್ಟಿಂಗ್ ಎಷ್ಟು ಸಾರ್?’ ಎಂದು ಕೇಳುವುದು ಶಿಷ್ಟಾಚಾರವಾಗಿದೆ. ಹಾರುವ ಹಕ್ಕಿಗೆ ಷಟರ್ ಸೆಕೆಂಡಿನ 1/3200 ಪಾಲು, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಆಟೋ, ಫೋಕಸ್ ಕಂಟಿನ್ಯುಯಸ್, ಸೆಕೆಂಡಿಗೆ 20 ಚಿತ್ರ ಎಂಬ ಮಂತ್ರವನ್ನು ತಪ್ಪಿಲ್ಲದೆ ಒಪ್ಪಿಸಿದವರಿಗೆ ಹಕ್ಕಿಯ ಹೆಸರೂ ಗೊತ್ತಿರಬೇಕೆಂಬ ನಿರ್ಬಂಧವೇನಿಲ್ಲ. ಮಂಗಟ್ಟೆಯಂಥ (ಹಾರ್ನ್‌ಬಿಲ್) ದೊಡ್ಡ ಹಕ್ಕಿ ನಿಧಾನವಾಗಿ ರೆಕ್ಕೆ ಬಡಿಯುವುದರಿಂದ 1/1600 ಸಾಕೆಂದು ಯಾರಾದರೂ ಹೇಳಿದರೆ, ಹತ್ತು ಲಕ್ಷ ದಾಟಿದ ಲೆನ್ಸಿಗೆ ಅವಮಾನವಾಗುತ್ತದೆ. ಹೀಗಾಗಿ ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ ಮಳೆಮೋಡದಡಿಯ ಕಾಡಿನ ಕತ್ತಲಲ್ಲೂ ಅದೇ 1/3200 ನಡೆಯುತ್ತದೆ. ಐಎಸ್ಒ 12800ಕ್ಕೇರಿ, ರವೆಯಲ್ಲಿ ಹೊರಳಿಸಿದಂತಹ ಹಕ್ಕಿಯೊಂದು ಪರದೆಯ ಮೇಲೆ ಮೂಡುತ್ತದೆ.

ಕ್ಯಾಮೆರಾದ ಪಾಲಿನ ಕೆಲಸವೆಲ್ಲ ಇಷ್ಟು ಖಚಿತವಾಗಿ ನಿಗದಿಯಾಗಿರುವಾಗ, ಅಶಿಸ್ತು ಉಳಿದಿರುವುದು ಹಕ್ಕಿಯ ಕಡೆಯಲ್ಲಿ ಮಾತ್ರ. ಆದ್ದರಿಂದ ಜಿಲ್ಲೆಯ ಸಮಸ್ತ ಮಂಗಟ್ಟೆಗಳಿಗೆ ಸುತ್ತೋಲೆಯೊಂದನ್ನು ಹೊರಡಿಸುವುದು ಸೂಕ್ತ. ಹಕ್ಕಿಗಳು ಗಾಳಿಗೆ ಎದುರಾಗಿ ಮೇಲೇಳುವುದು ವಾಡಿಕೆಯಾದ್ದರಿಂದ, ಗಾಳಿಯೂ ಬೆಳಗಿನ ಸೂರ್ಯನೂ ಅತಿಥಿಗಳ ಬೆನ್ನ ಹಿಂದಿರುವ ದಿನಗಳಲ್ಲಿ ಮಾತ್ರ ಹಾರತಕ್ಕದ್ದು. ಬಿಳಿ ಆಕಾಶದ ಮುಂದೆ ಹಾದುಹೋಗಿ, ಎಕ್ಸ್‌ಪೋಷರನ್ನು ಒಂದು ಸ್ಟಾಪ್, ಅಂದರೆ ಇಮ್ಮಡಿ, ಏರಿಸುವ ಶ್ರಮವನ್ನು ಅವರಿಗೆ ಕೊಡಕೂಡದು. ಕಣ್ಣು ಹುಡುಕುವ ಫೋಕಸ್‌ಗೆ ಹಣ ತೆತ್ತವರಿರುವುದರಿಂದ ರೆಕ್ಕೆಯ ಮರೆಯಲ್ಲಿ ಕಣ್ಣನ್ನು ಅಡಗಿಸಕೂಡದು.

ಗೂಡಿನ ಕಾಲಕ್ಕೆ ವಿಶೇಷ ಕಲಮು ಬೇಕಾಗುತ್ತದೆ. ಹೆಣ್ಣು ಮಂಗಟ್ಟೆ ಹಳೆಯ ಮರದ ಪೊಟರೆಯನ್ನು ಹೊಕ್ಕು, ಸೀಳೊಂದನ್ನು ಉಳಿಸಿ ಬಾಗಿಲು ಮುಚ್ಚಿಕೊಂಡು, ಒಳಗೇ ತನ್ನ ಹಾರುವ ಗರಿಗಳನ್ನು ಉದುರಿಸಿಕೊಳ್ಳುತ್ತದೆ. ಆ ದಿನಗಳಲ್ಲಿ ಗಂಡು ಹೊತ್ತು ತರುವ ಅತ್ತಿ, ಬಸರಿಯ ಹಣ್ಣುಗಳೇ ಅದಕ್ಕೆ ಆಧಾರ. ಕೊಕ್ಕಿನಲ್ಲಿ ಹಣ್ಣು ಹಿಡಿದು ಹಾರಿಬರುವ ಈ ಗಂಡಿನ ಚಿತ್ರಕ್ಕೆ ಮೆಚ್ಚುಗೆ ಹೆಚ್ಚು. ಹಾಗಾಗಿ ಸೆಕೆಂಡಿನ 3200ನೇ ಒಂದು ಪಾಲಿನ ಬೆಳಕಿಗಾಗಿ ಟ್ರೈಪಾಡುಗಳು ಆ ಮರದ ಬುಡದಲ್ಲಿ ಇಡೀ ಬೆಳಗ್ಗೆ ಸಾಲುಗಟ್ಟಿ ನಿಲ್ಲುತ್ತವೆ. ಜನರ ಗುಂಪನ್ನು ಕಂಡು ಗಂಡು ದೂರದ ಕೊಂಬೆಯಿಂದಲೇ ಹಿಂದಿರುಗಿದರೆ ಅದನ್ನು ಕರ್ತವ್ಯಲೋಪವೆಂದು ದಾಖಲಿಸತಕ್ಕದ್ದು. ಪೊಟರೆಯೊಳಗೆ ಹಸಿದು ಕುಳಿತ ಹೆಣ್ಣು ಫ್ರೇಮಿನೊಳಗೆ ಬರುವುದಿಲ್ಲವಾದ್ದರಿಂದ ಅದರ ಅಹವಾಲನ್ನು ಪರಿಗಣಿಸಲಾಗುವುದಿಲ್ಲ.

ಕಾಡುಹಕ್ಕಿಯ ಗೂಡಿಗೆ ತೊಂದರೆ ಕೊಡುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಲೆಕ್ಕಕ್ಕೇ ಸೇರಿಸಿದೆ. ಹಾಗಿದ್ದ ಮೇಲೆ ಈ ಹೊಸ ಬೇಟೆಗಾರರಿಗೆ ನಾಡಿನ ಮರ್ಯಾದೆ ಸಲ್ಲಬೇಡವೆ? ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದಿನಂದು ಕೋವಿಯ ನಳಿಗೆಗೆ ಸಿಕ್ಕಿಸುವ ತೋಕ್ ಪೂ ಎಂಬ ಕೋವಿ ಹೂವನ್ನು ಇನ್ನು ಮುಂದೆ 600 ಎಂಎಂ ಲೆನ್ಸಿನ ತುದಿಗೂ ಸಿಕ್ಕಿಸಬಹುದು. ಲೆನ್ಸಿನ ಬಾಯಿ ಕೋವಿಗಿಂತ ಬಹಳ ಅಗಲವಾಗಿರುವುದರಿಂದ ಒಂದು ಹೂ ಸಾಲದು, ಅಷ್ಟೆ.