ಉಲಮಾಗಳನ್ನು ಕೇಳೋಣ, ಉಲಮಾಗಳೂ ಯೋಚಿಸಲಿ

"ಇಜ್ತಿಹಾದ್ ಮಾಡೋಕೆ ನೀನ್ಯಾರು? ಇಮಾಮರಿಗಿಂತ ನಿನಗೆ ಜಾಸ್ತಿ ಗೊತ್ತಾ?"

ದೀನಿನ, ಅಂದರೆ ಧರ್ಮದ, ವಿಷಯದಲ್ಲಿ ಒಂದು ಪ್ರಶ್ನೆ ಎತ್ತಿದರೆ ಸಾಕು, ಈ ಮಾತು ಬರುತ್ತದೆ. ಇಜ್ತಿಹಾದ್ ಅಂದರೆ ಮೂಲ ಗ್ರಂಥಗಳನ್ನು ನೋಡಿ ಸ್ವತಂತ್ರವಾಗಿ ಯೋಚಿಸಿ ತೀರ್ಮಾನಕ್ಕೆ ಬರುವುದು. ಅದರಲ್ಲಿ ನಿಜವೂ ಇದೆ. ಅರಬಿ ಬಾರದೆ, ಹದೀಸಿನ (ಪ್ರವಾದಿಯವರ ಮಾತಿನ) ಸನದ್, ಅಂದರೆ ಅದು ಯಾರಿಂದ ಯಾರಿಗೆ ಬಂತು ಎಂದು ನೋಡದೆ, ನಾಲ್ಕು ಯೂಟ್ಯೂಬ್ ವಿಡಿಯೋ ನೋಡಿ ಹಲಾಲ್, ಹರಾಮ್ ಅಂತ ತೀರ್ಪು ಕೊಡುವುದು ನನಗೂ ಒಪ್ಪಿಗೆಯಿಲ್ಲ. ಓದಿದವರನ್ನು, ಅಂದರೆ ಉಲಮಾಗಳನ್ನು, ಕೇಳಲೇಬೇಕು. ಆದರೆ ಓದಿದವರೇ ಯೋಚಿಸುವುದನ್ನು ನಿಲ್ಲಿಸಿದರೆ?

ಅವರು ಯೋಚಿಸಿದ ಕಾಲವೂ ಇತ್ತು. ಹನಫಿ ಮದ್‌ಹಬಿನಲ್ಲಿ (ಮದ್‌ಹಬ್ ಅಂದರೆ ಒಬ್ಬೊಬ್ಬ ಇಮಾಮರ ಹೆಸರಿನ ಧರ್ಮಶಾಸ್ತ್ರದ ಪಂಥ; ಹನಫಿ, ಮಾಲಿಕಿ, ಶಾಫಿಈ ಅಂಥವು) ಗಂಡ ಕಾಣೆಯಾದರೆ, ಅವನ ಓರಗೆಯವರೆಲ್ಲ ತೀರಿಕೊಳ್ಳುವವರೆಗೆ ಹೆಂಡತಿ ಕಾಯಬೇಕಿತ್ತು. ಅಂದರೆ ಅವಳ ಬದುಕೇ ಮುಗಿದ ಹಾಗೆ. ಬ್ರಿಟಿಷರ ಕಾಲದಲ್ಲಿ ಪಂಜಾಬಿನ ಕೆಲವು ಹೆಂಗಸರು ಮದುವೆಯಿಂದ ಬಿಡುಗಡೆಗಾಗಿ ಇಸ್ಲಾಮನ್ನೇ ಬಿಟ್ಟರು. ಆಗ ಉತ್ತರ ಭಾರತದ ದೊಡ್ಡ ವಿದ್ವಾಂಸ ಮೌಲಾನಾ ಅಶ್ರಫ್ ಅಲಿ ಥಾನವಿ ಏನು ಮಾಡಿದರು ಗೊತ್ತಾ? ಅವರು ಪಕ್ಕಾ ಹನಫಿ, ತಖ್ಲೀದನ್ನು, ಅಂದರೆ ತಮ್ಮ ಇಮಾಮರ ಮಾತಿನಂತೆಯೇ ನಡೆಯುವುದನ್ನು, ಗಟ್ಟಿಯಾಗಿ ಎತ್ತಿಹಿಡಿದವರು. ಅಂಥವರೇ ಮದೀನಾದ ಮಾಲಿಕಿ ವಿದ್ವಾಂಸರಿಗೆ ಪತ್ರ ಬರೆದು ಫತ್ವಾ ತರಿಸಿಕೊಂಡರು. 1930ರ ದಶಕದಲ್ಲಿ ಪುಸ್ತಕವನ್ನೇ ಬರೆದರು. ಆ ದಾರಿಯಲ್ಲೇ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯಲ್ಲಿ, ನಾಲ್ಕು ವರ್ಷ ಗಂಡನ ಸುಳಿವಿಲ್ಲದಿದ್ದರೆ ಬಿಡುಗಡೆ ಕೇಳಬಹುದು ಎಂದಾಯಿತು.

ಅದೇ ದಾರಿ ತ್ರಿವಳಿ ತಲಾಖ್‌ಗೂ ಇತ್ತು. ಒಂದೇ ಉಸಿರಿನಲ್ಲಿ ಹೇಳಿದ ಮೂರು ತಲಾಖ್ ಲೆಕ್ಕಕ್ಕೆ ಒಂದೇ ತಲಾಖ್ ಎಂದು ವಿದ್ವಾಂಸ ಇಬ್ನ್ ತೈಮಿಯಾ ಸುಮಾರು 700 ವರ್ಷದ ಹಿಂದೆಯೇ ಹೇಳಿದ್ದರು. ಈಜಿಪ್ಟ್ 1929ರಲ್ಲೇ ಹಾಗೆ ಕಾನೂನು ಮಾಡಿತು. ಉಲಮಾಗಳು ನಡೆಸುವ ನಮ್ಮ ಮುಸ್ಲಿಂ ಪರ್ಸನಲ್ ಲಾ ಬೋರ್ಡ್ ಮಾತ್ರ, ಹಾಗೆ ತಲಾಖ್ ಹೇಳುವುದು ಪಾಪ ಹೌದು, ಆದರೆ ಊರ್ಜಿತ ಎಂದು ಸುಪ್ರೀಂ ಕೋರ್ಟಿನಲ್ಲೂ ವಾದಿಸಿತು. 2017ರ ಆಗಸ್ಟ್ 22ಕ್ಕೆ ಕೋರ್ಟೇ ಅದನ್ನು ರದ್ದು ಮಾಡಿತು. ಉಲಮಾಗಳು ತಾವೇ ಮಾಡಬಹುದಾಗಿದ್ದ ಕೆಲಸ ಅದು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇದಕ್ಕೇ.

ಭಿನ್ನಮತ ನಮಗೆ ಹೊಸದಲ್ಲ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಈಗಳು. ಘಟ್ಟದ ಮೇಲೆ ಹನಫಿಗಳೇ ಜಾಸ್ತಿ. ಹನಫಿಗಳ ಅಸರ್ (ಮಧ್ಯಾಹ್ನ ಕಳೆದ ಮೇಲಿನ) ನಮಾಜಿನ ಹೊತ್ತು ತಡ. ಅದಕ್ಕೆ ಯಾರೂ ಯಾರನ್ನೂ ದಾರಿತಪ್ಪಿದವರು ಅನ್ನುವುದಿಲ್ಲ. ಇಮಾಮ್ ಅಬೂ ಹನೀಫಾರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಎಷ್ಟೋ ವಿಷಯಗಳಲ್ಲಿ ಗುರುವಿನ ಮಾತಿಗೇ ಒಪ್ಪಲಿಲ್ಲ. ಅವರನ್ನು ಮದ್‌ಹಬಿನಿಂದ ಹೊರಗೆ ಹಾಕಿದರಾ?

ಈಗ ಖುಲಾದ, ಅಂದರೆ ಹೆಂಡತಿಯೇ ಕೇಳುವ ವಿಚ್ಛೇದನದ, ಮಾತೇ ತಗೊಳ್ಳಿ. ಹೆಣ್ಣು ಬಿಡುಗಡೆ ಕೇಳಿದರೂ ಗಂಡ ಒಪ್ಪಲೇಬೇಕು ಎಂದು ಅವಳನ್ನು ವಾಪಸ್ ಕಳಿಸುವವರಿದ್ದಾರೆ. ಮಾಲಿಕಿಗಳಲ್ಲಿ, ಎರಡೂ ಕಡೆಯ ಪಂಚರು ಕೂತು, ಗಂಡ ಒಪ್ಪದಿದ್ದರೂ ಬೇರ್ಪಡಿಸಬಹುದು. ನಮ್ಮೂರಿನ ಉಸ್ತಾದರೇ, ಮೌಲಾನಾಗಳೇ, ಈ ವಿಷಯಕ್ಕೂ ಥಾನವಿಯವರ ಹಾಗೆ ಒಂದು ಪತ್ರ ಬರೆಯಲು ನಿಮ್ಮನ್ನು ಯಾರು ತಡೆದಿದ್ದಾರೆ?