ಉಪಗ್ರಹಸಾಕ್ಷಿ

ನಮ್ಮ ಬೀದಿಯ ಮೇಷ್ಟ್ರು ಬೆಳಗ್ಗೆ ಐದೂಮುಕ್ಕಾಲಿಗೆ ಗೇಟಿನ ಹೊರಗೆ ನಿಂತು ಮೊಬೈಲನ್ನು ಆಕಾಶಕ್ಕೆ ಎತ್ತಿ ಹಿಡಿಯುತ್ತಾರೆ. ಎದುರುಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು ಇದನ್ನು ಸೂರ್ಯನಿಗೆ ಅರ್ಘ್ಯ ಬಿಡುವ ಹೊಸ ಪದ್ಧತಿ ಎಂದುಕೊಂಡಿದ್ದರಂತೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು ಕಾಯುವುದು ಸೂರ್ಯನನ್ನಲ್ಲ, ಉಪಗ್ರಹಗಳನ್ನು. ನಡೆದ ದಾರಿಯನ್ನು ಮೊಬೈಲಿನ ಜಿಪಿಎಸ್ ಬರೆದುಕೊಳ್ಳಲೆಂದು, ಕನಿಷ್ಠ ನಾಲ್ಕು ಸಿಗದೆ ಹೆಜ್ಜೆ ಕಿತ್ತಿಡುವುದಿಲ್ಲ.

"ಸಿಕ್ತೇನ್ರೀ?" ಎಂದು ಒಳಗಿಂದ ಅವರ ಮನೆಯವರು ಕೇಳುತ್ತಾರೆ.

"ಮೂರಾಗಿದೆ, ಇನ್ನೊಂದು ಬರ್ಲಿ ತಡಿ."

ಚೌಕಾಬಾರದಲ್ಲಿ ಗರ ಬೀಳಲೆಂದು ಕೂತವರ ಹಾಗೆ.

ಹಾಗೆಂದು ಈ ಜಿಪಿಎಸ್ ಸಣ್ಣ ವ್ಯವಸ್ಥೆಯೇನಲ್ಲ. 20,200 ಕಿಲೋಮೀಟರ್ ಎತ್ತರದಲ್ಲಿ ಅಮೆರಿಕದ ಉಪಗ್ರಹಗಳು ಸುತ್ತುತ್ತಿವೆ. ಒಂದೊಂದರೊಳಗೂ ಪರಮಾಣು ಗಡಿಯಾರ. ಭೂಮಿಯ ಮೇಲಿನ ಗಡಿಯಾರಕ್ಕಿಂತ ಅದು ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆಂದು ಐನ್‌ಸ್ಟೀನರ ಸಿದ್ಧಾಂತ ಹಿಡಿದು ಲೆಕ್ಕ ಹಾಕಿ, ಮೊದಲೇ ಸರಿಪಡಿಸಿ ಮೇಲಕ್ಕೆ ಕಳಿಸಿದ್ದಾರೆ. ಸರಿಪಡಿಸದಿದ್ದರೆ ಒಂದೇ ದಿನಕ್ಕೆ ಹತ್ತು ಕಿಲೋಮೀಟರಿನಷ್ಟು ಹೆಚ್ಚುಕಮ್ಮಿ ಆಗುತ್ತಿತ್ತು. ಇಷ್ಟೆಲ್ಲ ಯಾತಕ್ಕಾಗಿ? ಮೇಷ್ಟ್ರು ಪಾರ್ಕಿಗೆ ನಾಲ್ಕು ಸುತ್ತು ಹಾಕಿದ್ದು ನಿಜ ಎಂದು ಷರಾ ಬರೆಯುವುದಕ್ಕಾಗಿ.

ಒಂದು ದಿನ ನಾಲ್ಕೂ ಸುತ್ತು ಮುಗಿಸಿ ಬೆಂಚಿನ ಮೇಲೆ ಕೂತು ಮೊಬೈಲ್ ತೆಗೆದರೆ, ಶುರುವಿನ ಗುಂಡಿಯನ್ನೇ ಒತ್ತಿಲ್ಲ. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಯ ಮೇಲೆ ನೋಂದಣಿ ಸಂಖ್ಯೆ ಬರೆಯದೆ ಎದ್ದು ಬಂದ ಹುಡುಗನ ಮುಖವಾಯಿತು ಮೇಷ್ಟ್ರದು. "ನಡೆದದ್ದಂತೂ ನಡೆದಿರಲ್ಲ, ನಾನೇ ನೋಡಿದೀನಿ" ಎಂದೆ. ನನ್ನನ್ನು ಒಮ್ಮೆ ಕನಿಕರದಿಂದ ನೋಡಿ ಎದ್ದು ಮತ್ತೆ ನಾಲ್ಕು ಸುತ್ತು ಹೊರಟರು. ಅವತ್ತಿನ ಮಂಡಿನೋವು ಎಂಟು ಸುತ್ತಿನದು, ಲೆಕ್ಕಕ್ಕೆ ಬಂದದ್ದು ನಾಲ್ಕು.

ಹೀಗೆ ನಡೆದ ದಾರಿಯಲ್ಲೇ ನಕ್ಷೆಯ ಮೇಲೆ ಚಿತ್ರ ಬರೆಯುವ ಚಟವೊಂದಿದೆ. ಬೇರೆ ಊರಿನವರು ಆನೆ, ನಾಯಿ, ಡೈನೋಸಾರು ಎಲ್ಲ ಬರೆದಿದ್ದಾರೆ. ರಾಜ್ಯೋತ್ಸವ ಬಂದಾಗ ಮೇಷ್ಟ್ರು ಜಯನಗರದ ಮೇಲೆ 'ಕನ್ನಡ' ಎಂದು ಬರೆಯುವ ಸಂಕಲ್ಪ ಮಾಡಿದರು. ಆಗ ಗೊತ್ತಾಯಿತು, ಜಯನಗರದ ಅಡ್ಡರಸ್ತೆ, ಮುಖ್ಯರಸ್ತೆಗಳೆಲ್ಲ ಇಂಗ್ಲಿಷಿನ ಕಡೆಯವು. ಎಲ್, ಎಚ್, ಇ, ಎಫ್ ಬೇಕೆಂದರೆ ಕಣ್ಣುಮುಚ್ಚಿ ನಡೆದರೂ ಮೂಡುತ್ತವೆ. ನಮ್ಮ ಅಕ್ಷರಗಳು ದುಂಡು. 'ಠ' ಬರೆಯಲು ಹೊರವರ್ತುಲ ರಸ್ತೆಯೇ ಬೇಕು, ಅದಕ್ಕೆ ಸಿಲ್ಕ್ ಬೋರ್ಡಿನಲ್ಲಿ ಒಂದು ರಾತ್ರಿ ತಂಗಬೇಕು. ಅಂತೂ ಎರಡು ಪಾರ್ಕು ಬಳಸಿ 'ಕ' ಆಯಿತು, ಕೊಂಚ ಕಡುಬಿನ ಹಾಗೆ. ಸಮಸ್ಯೆ ಬಂದದ್ದು 'ನ' ಒತ್ತಿನಲ್ಲಿ. ಒತ್ತಿಗೆಂದು ಇಳಿದ ಗಲ್ಲಿಯಲ್ಲಿ ಮೂರು ನಾಯಿಗಳಿದ್ದವು. ಹೀಗಾಗಿ ಆ ವರ್ಷದ ಕನ್ನಡದಲ್ಲಿ ಒತ್ತಕ್ಷರ ಬನಶಂಕರಿಯವರೆಗೂ ಹೋಗಿದೆ.

ಆಮೇಲೆ ಹಿಡಿದದ್ದು ಸೊನ್ನೆಯ ಹುಚ್ಚು. ಅಕ್ಷಾಂಶ, ರೇಖಾಂಶಗಳೆರಡೂ ಪೂರ್ಣಾಂಕವಾಗಿ ಕೂಡುವ ಜಾಗಗಳನ್ನು ಹುಡುಕಿಕೊಂಡು ಹೋಗಿ ಫೋಟೋ ತೆಗೆಯುವ ಯೋಜನೆಯೊಂದನ್ನು 1996ರಲ್ಲಿ ಅಮೆರಿಕದವರೊಬ್ಬರು ಶುರುಮಾಡಿದರು. ನೂರು ಮೀಟರಿನೊಳಗೆ ಹೋದರೆ ಸಾಕು, ನಾಲ್ಕು ದಿಕ್ಕಿನ ಫೋಟೋ ತೆಗೆಯಬೇಕು. 13 ಡಿಗ್ರಿ ಉತ್ತರ, 77 ಡಿಗ್ರಿ ಪೂರ್ವ ಇರುವುದು ಕುಣಿಗಲ್ ಪಕ್ಕದಲ್ಲೇ. ನೂರು ಮೀಟರಿನ ರಿಯಾಯಿತಿ ಮೇಷ್ಟ್ರಿಗೆ ಹಿಡಿಸಲಿಲ್ಲ. ಬಿಂದುವಿನ ನಂತರ ಐದೈದು ಸೊನ್ನೆ, ಒಟ್ಟು ಹತ್ತು, ಒಂದೇ ಸಲ ಕಾಣಬೇಕು. ಐದನೆಯ ಸೊನ್ನೆ ಎಂದರೆ ನೆಲದ ಮೇಲೆ ಒಂದು ಮೀಟರು. ಬಯಲಲ್ಲಿ ನಿಂತರೂ ಮೊಬೈಲು ಐದು ಮೀಟರು ಆಚೀಚೆ ಹೇಳುತ್ತದೆ. ಇದನ್ನು ನನಗೆ ತಿಳಿಸಿಕೊಟ್ಟವರೇ ಮೇಷ್ಟ್ರು. ತಿಳಿಸಿಕೊಡುತ್ತಲೇ ತೆಂಗಿನ ತೋಟವೊಂದರಲ್ಲಿ ಎರಡು ಹೆಜ್ಜೆ ಮೂಡಣಕ್ಕೆ, ಒಂದು ಹೆಜ್ಜೆ ಬಡಗಣಕ್ಕೆ, ಮತ್ತೆ ಹಿಂದಕ್ಕೆ ಎಂದು ಕುಣಿಯುತ್ತಿದ್ದರು. ತೋಟದ ಯಜಮಾನ ಬಂದು ಬಹಳ ಹೊತ್ತು ನೋಡಿದ.

"ಬೋರ್ ಪಾಯಿಂಟ್ ನೋಡ್ತಿದೀರಾ ಸಾಮಿ? ತೆಂಗಿನಕಾಯಿ ಹಿಡ್ಕಂಡು ನೋಡೋರು ಬಂದಿದ್ರು. ಮೊಬೈಲ್ನಾಗೂ ನೀರು ಗೊತ್ತಾಯ್ತದಾ?"

ಅಲ್ಲ ಎಂದೆವು. ಅವನ ಮುಖ ಬಿಗಿಯಾಯಿತು.

"ಹಂಗಾರೆ ರೋಡು ಬತ್ತದಾ ಇಲ್ಲಿ? ಸರ್ವೆನಾ?"

ರೋಡೂ ಇಲ್ಲ, ನೀರೂ ಇಲ್ಲ, ಸೊನ್ನೆ ಎಂದು ಮೇಷ್ಟ್ರು ವಿವರಿಸಿದರು. ಇಲ್ಲೇ, ಈ ತೋಟದಲ್ಲೇ ಅಂತ ಹೆಂಗೆ ಹೇಳ್ತೀರಿ ಎಂದದ್ದಕ್ಕೆ, "ಇದು ಸುಳ್ಳು ಹೇಳಲ್ಲಪ್ಪ" ಎಂದು ಮೊಬೈಲ್ ತಟ್ಟಿ ತೋರಿಸಿದರು. ಒತ್ತುವರಿಯ ಜಗಳದಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಿ ಮೋಜಿಣಿದಾರರಿಗೆ ಕಾಯುತ್ತಿದ್ದ ಆ ಮನುಷ್ಯ, "ಹಂಗಿದ್ರೆ ಪಕ್ಕದೋನ ಬದ ಎಲ್ಲೈತೆ ಅಂತ್ಲೂ ಇದ್ರಾಗೇ ಹೇಳಿ" ಎಂದ. ಮೇಷ್ಟ್ರು ಎಳನೀರು ಕುಡಿದು ದುಡ್ಡು ಕೊಟ್ಟು ಬೇಗ ಹೊರಟರು.

ಮೇಷ್ಟ್ರದು ಸ್ವಂತ ಖರ್ಚಿನ ಹುಚ್ಚು. ಸರ್ಕಾರಕ್ಕೆ ಇದೇ ಹುಚ್ಚು ಹಿಡಿದಿದೆ, ಖರ್ಚು ನಮ್ಮದು. ಈಗ ಯಾವ ಇಲಾಖೆಗೇ ಹೋಗಿ, ಜಿಪಿಎಸ್ ಫೋಟೋ ಕೇಳುತ್ತಾರೆ. ಚರಂಡಿ ತೆಗೆದದ್ದಕ್ಕೂ ಅದೇ, ಸಭೆ ಮಾಡಿದ್ದಕ್ಕೂ ಅದೇ. ಫೋಟೋದ ಕೆಳಗೆ ಅಕ್ಷಾಂಶ, ರೇಖಾಂಶ, ತಾರೀಖು, ಮೂಲೆಯಲ್ಲೊಂದು ಪುಟ್ಟ ನಕ್ಷೆ. ಹೋದ ಜೂನಿನಲ್ಲಿ ನಮ್ಮ ಬಡಾವಣೆಯಲ್ಲಿ ಸಸಿ ನೆಟ್ಟರು. ಏಳು ಜನ ಒಂದು ಹೊಂಗೆ ಸಸಿ ಹಿಡಿದು ನಿಂತರು, ಫೋಟೋ ಆಯಿತು. ಅದೇ ಸಸಿಯನ್ನು ಮುಂದಿನ ಗುಂಡಿಗೆ ಒಯ್ದರು, ಮತ್ತೆ ಫೋಟೋ. ಹೀಗೆ ಒಂದೇ ಹೊಂಗೆ ಐದು ಅಕ್ಷಾಂಶಗಳಲ್ಲಿ ಬೇರೂರಿ ಆರನೆಯದಕ್ಕೆ ಜೀಪು ಹತ್ತಿತು. ಉಪಗ್ರಹಕ್ಕೆ ಏನು ಗೊತ್ತು? ಎಲ್ಲಿ ಎಂದು ಕೇಳಿದರೆ ಹೇಳುತ್ತದೆ. ಏನು ಎಂದು ಅದನ್ನು ಕೇಳಿದವರು ಯಾರೂ ಇಲ್ಲ.

ನರೇಗಾ ಕೂಲಿಯವರಿಗಂತೂ 2023ರ ಜನವರಿಯಿಂದ ದಿನಕ್ಕೆರಡು ಸಲ ಇಂಥ ಫೋಟೋ ಕಡ್ಡಾಯವಾಯಿತು. ಸಿಗ್ನಲ್ ಸಿಗದ ಗುಡ್ಡದಲ್ಲಿ ಮಣ್ಣು ಹೊತ್ತವರು ಹೊತ್ತೇ ಇಲ್ಲ ಎಂದಾಯಿತು, ಥೇಟು ನಮ್ಮ ಮೇಷ್ಟ್ರ ಮೊದಲ ನಾಲ್ಕು ಸುತ್ತಿನ ಹಾಗೆ. ವ್ಯತ್ಯಾಸವೆಂದರೆ ಇಲ್ಲಿ ಹೋಗುವುದು ಕೂಲಿ. ಇನ್ನು ಕಳ್ಳಲೆಕ್ಕ ನಿಂತಿತೇ ಎಂದರೆ, 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ ಒಪ್ಪಿಕೊಂಡಿತು: ಕೆಲಸಕ್ಕೆ ಸಂಬಂಧವೇ ಇಲ್ಲದ ಫೋಟೋ ಹಾಕುತ್ತಿದ್ದಾರೆ, ಫೋಟೋದ ಫೋಟೋ ತೆಗೆದು ಹಾಕುತ್ತಿದ್ದಾರೆ. ಇದಕ್ಕೆ ಪರಿಹಾರ? ಬಂದ ಫೋಟೋಗಳನ್ನೆಲ್ಲ ಪಂಚಾಯಿತಿಯಲ್ಲಿ, ಅವುಗಳಲ್ಲಿ ಒಂದು ಪಾಲನ್ನು ಮೇಲಿನ ಹಂತಗಳಲ್ಲಿ ಮನುಷ್ಯರೇ ಕೂತು ಪರಿಶೀಲಿಸಬೇಕಂತೆ. ಎದ್ದು ಹೋಗಿ ಕೆರೆ ಏರಿ ನೋಡಿ ಬನ್ನಿ ಎಂದಲ್ಲ, ಫೋಟೋ ನೋಡಿ ಎಂದು.

ಕೆರೆ ಎಂದಾಗ ನೆನಪಾಯಿತು. ಮೇಷ್ಟ್ರು ಮಾಡಿರುವುದರಲ್ಲಿ ಉಪಯೋಗಕ್ಕೆ ಬರುವಂಥದ್ದು ಒಂದಿದೆ. ಹಳೆಯ ನಕ್ಷೆ ಹಿಡಿದು ಬೆಂಗಳೂರಿನ ಸತ್ತ ಕೆರೆಗಳ ಅಂಚಿನಲ್ಲಿ ನಡೆದು ಮೊಬೈಲಿನಲ್ಲಿ ಗುರುತು ಹಾಕಿಟ್ಟಿದ್ದಾರೆ. ಕಂಠೀರವ ಕ್ರೀಡಾಂಗಣದ ಕೆಳಗಿನ ಸಂಪಂಗಿ ಕೆರೆ, ಮೆಜೆಸ್ಟಿಕ್ಕಿನ ಧರ್ಮಾಂಬುಧಿ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ನಿಂತು, "ನಾವೀಗ ನೀರಿನ ಮಧ್ಯ ಇದೀವಿ" ಎಂದು ಕಂಡಕ್ಟರೊಬ್ಬರಿಗೆ ಮೊಬೈಲ್ ತೋರಿಸಿದ್ದರು. "ಮಳೆ ಬಂದಾಗ ನಮ್ಗೂ ಗೊತ್ತಾಗುತ್ತೆ, ಒಳಗ್ ನಡೀರಿ ಸಾರ್" ಎಂದರು ಅವರು.

ಈ ಗುರುತಿನ ಕೆಲಸಕ್ಕೂ ಒಂದು ಗ್ರಹಚಾರ ಬಂದು ಹೋಗಿದೆ. 2016ರಲ್ಲಿ ಭೂಮಾಹಿತಿ ಕುರಿತ ಮಸೂದೆಯ ಕರಡೊಂದು ಬಂತು. ಲೈಸೆನ್ಸ್ ಇಲ್ಲದೆ ಇಂಥ ಮಾಹಿತಿ ಕೂಡಿಹಾಕಿದರೆ ಒಂದು ಕೋಟಿಯಿಂದ ನೂರು ಕೋಟಿ ರೂಪಾಯಿವರೆಗೆ ದಂಡ, ಏಳು ವರ್ಷದವರೆಗೆ ಜೈಲು. ಕೆರೆ ನುಂಗಿದವನಿಗೆ ಖಾತೆ, ಕೆರೆ ಇಲ್ಲಿತ್ತು ಎಂದು ಚುಕ್ಕಿ ಇಟ್ಟ ಮೇಷ್ಟ್ರಿಗೆ ಪರಪ್ಪನ ಅಗ್ರಹಾರ! ಪುಣ್ಯಕ್ಕೆ ಅದು ಕಾಯ್ದೆಯಾಗಲಿಲ್ಲ. 2021ರ ಫೆಬ್ರವರಿಯಲ್ಲಿ ಸರ್ಕಾರವೇ ಉಲ್ಟಾ ಹೊಡೆದು, ಭಾರತೀಯರು ಧಾರಾಳವಾಗಿ ನಕ್ಷೆ ಮಾಡಿಕೊಳ್ಳಿ ಎಂದಿತು. 2025ರಲ್ಲಿ ಅಂಚೆ ಇಲಾಖೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಇಡೀ ದೇಶವನ್ನು ಹೆಚ್ಚುಕಮ್ಮಿ ನಾಲ್ಕು ಮೀಟರಿನ ಚೌಕಗಳಾಗಿ ಹೆಚ್ಚಿ, ಒಂದೊಂದಕ್ಕೂ ಹತ್ತಕ್ಷರದ ಡಿಜಿಪಿನ್ ಕೊಟ್ಟಿದೆ. ಮೇಷ್ಟ್ರ ಮೂವತ್ತು–ನಲವತ್ತರ ಸೈಟಿಗೆ ಆರೇಳು ವಿಳಾಸ: ದೇವರಮನೆಗೊಂದು, ಬಚ್ಚಲಿಗೊಂದು. ಮಹಡಿಯ ಲೆಕ್ಕ ಅದರಲ್ಲಿಲ್ಲವಾದ್ದರಿಂದ ಮೇಲಿನ ಬಾಡಿಗೆಯವರ ಅಡುಗೆಮನೆಯೂ ಕೆಳಗಿನ ಬಚ್ಚಲೂ ಒಂದೇ ವಿಳಾಸದಲ್ಲಿ ಸುಖವಾಗಿವೆ. ಕೊರಿಯರ್ ಹುಡುಗ ಮಾತ್ರ ಈಗಲೂ "ಮೇಷ್ಟ್ರ ಮನೆ ಯಾವ್ದು?" ಎಂದು ನಮ್ಮ ಬಾಗಿಲು ತಟ್ಟುತ್ತಾನೆ.

ಹೋದ ವಾರ ಮೇಷ್ಟ್ರು ಸಂಜೆ ವಾಕಿಂಗ್ ಮುಗಿಸಿ ಮೊಬೈಲಿನಲ್ಲಿ ನಿಲ್ಲಿಸುವ ಗುಂಡಿ ಒತ್ತಲು ಮರೆತು ಮಲಗಿಬಿಟ್ಟರು. ಪಕ್ಕದಲ್ಲಿ ಹೊಸದಾಗಿ ಎದ್ದಿರುವ ಗಾಜಿನ ಕಟ್ಟಡಕ್ಕೆ ಬಡಿದು ಬರುವ ಸಂಕೇತ ಮೊಬೈಲಿನ ದಿಕ್ಕು ತಪ್ಪಿಸುತ್ತದೆ, ಮೊಬೈಲು ಮೇಜಿನ ಮೇಲಿದ್ದರೂ ನಡೆದಾಡುತ್ತಿರುವಂತೆ ಬರೆದುಕೊಳ್ಳುತ್ತದೆ. ಬೆಳಗ್ಗೆ ನಕ್ಷೆಯಲ್ಲಿ ನೋಡಿದರೆ, ರಾತ್ರಿ ಹನ್ನೊಂದರಿಂದ ನಾಲ್ಕರವರೆಗೆ ಮೇಷ್ಟ್ರು ಎದುರುಮನೆಯ ಕಾಂಪೌಂಡಿಗೆ ಹತ್ತೊಂಬತ್ತು ಸಲ ಹೋಗಿಬಂದಿದ್ದಾರೆ. ಮೊದಲು ನೋಡಿದವರು ಅವರ ಮನೆಯವರು.

ನಾನು ಪೇಪರ್ ಈಸಿಕೊಳ್ಳಲು ಹೋದಾಗ ಮೇಷ್ಟ್ರು ಗಾಜು, ಕಿರಣ, ಪ್ರತಿಫಲನ ಎಲ್ಲ ಸೇರಿಸಿ ರಟ್ಟಿನ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದರು. ಆಕೆ ಸೊಪ್ಪು ಬಿಡಿಸುತ್ತ ಪೂರ್ತಿ ಕೇಳಿಸಿಕೊಂಡರು.

"ನಾನು ಮಲಗಿದ್ದೆ ಕಣೇ. ಗೊರಕೆ ಹೊಡೀತಿದ್ದೆ, ನೀನೇ ಕೇಳಿದೀಯ."

"ನಾನು ಕೇಳಿದ್ರೆ ಏನ್ಬಂತು? ಕುಣಿಗಲ್ಲಲ್ಲಿ ಆ ತೋಟದವರಿಗೆ ಏನಂದ್ರಿ, ಇದು ಸುಳ್ಳು ಹೇಳಲ್ಲ ಅಂತ ತಾನೆ?"

ಮೇಷ್ಟ್ರು ನನ್ನ ಕಡೆ ತಿರುಗಿದರು. "ನೀವಾದ್ರೂ ಹೇಳಿ, ರಾತ್ರಿ ಎದುರುಮನೆ ದೀಪ ಆರಿತ್ತೋ ಇಲ್ವೋ?"

ನೋಡಿದ್ದೆ, ಆರಿತ್ತು. ಆದರೆ ನನ್ನ ಹತ್ತಿರ ಫೋಟೋ ಇರಲಿಲ್ಲ. ಪೇಪರ್ ಈಸಿಕೊಂಡು ಬಂದೆ.