ಐದು ರೂಪಾಯಿಗೆ ಇಪ್ಪತ್ತು ಲೀಟರ್ ಶುದ್ಧ

ಕೋಲಾರದ ನೆಲವನ್ನು ಬರಡು ಎಂದು ಯಾರೂ ಹೀಯಾಳಿಸಬಾರದು. ಚಿನ್ನಕ್ಕಾಗಿ ಮೂರು ಕಿಲೋಮೀಟರ್ ಆಳಕ್ಕೆ ಇಳಿದ ಜಿಲ್ಲೆಯಿದು. 2001ರಲ್ಲಿ ಗಣಿಗೆ ಬೀಗ ಬಿದ್ದ ಮೇಲೂ ಕೊರೆಯುವ ಚಟ ಬಿಡಲಿಲ್ಲ. ಕೆರೆ ಬತ್ತಿತು, ಬಾವಿ ಬತ್ತಿತು, ಕೊಳವೆ ಸಾವಿರದೈನೂರು ಅಡಿ ಇಳಿದು ಗ್ರಾನೈಟಿನ ಬಿರುಕುಗಳಿಗೆ ಬಾಯಿ ಹಾಕಿತು. ಕಲ್ಲು ಬಚ್ಚಿಟ್ಟಿದ್ದ ಯುರೇನಿಯಂ ಈಗ ಹಲವು ಊರುಗಳಲ್ಲಿ ನೀರಿನೊಡನೆ ಪುಕ್ಕಟೆಯಾಗಿ ಮೇಲೆ ಬರುತ್ತದೆ.

ಎಷ್ಟಿದ್ದರೆ ಕುಡಿಯಬಹುದು? ಅದು ಬಹುಕಾಲ ನಿಮ್ಮ ಮೂತ್ರಪಿಂಡ ಯಾವ ಕಚೇರಿಯ ವ್ಯಾಪ್ತಿಗೆ ಸೇರುತ್ತದೆ ಎಂಬುದನ್ನು ಅವಲಂಬಿಸಿತ್ತು. (ವಿಕಿರಣಕ್ಕಿಂತ ಮೊದಲು ಇದರ ರಾಸಾಯನಿಕ ವಿಷ ತಟ್ಟುವುದು ಅಲ್ಲಿಗೇ.) ಲೀಟರಿಗೆ 30 ಮೈಕ್ರೋಗ್ರಾಂ ಸಾಕು ಎಂದಿತು ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆ, 60ರವರೆಗೆ ಅಡ್ಡಿಯಿಲ್ಲ ಎಂದಿತು ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. 45 ಇರುವ ಬಿಂದಿಗೆ ಜಿನೀವಾದಲ್ಲಿ ಅಪಾಯ, ನಮ್ಮ ಶ್ರೀನಿವಾಸಪುರದಲ್ಲಿ ತೀರ್ಥವಾಗಿತ್ತು. ಕೊನೆಗೆ ಭಾರತೀಯ ಮಾನಕ ಬ್ಯೂರೋ ಕೂಡ 30 ಎಂದೇ ಗೆರೆ ಎಳೆಯಿತು. ಅಷ್ಟರೊಳಗೆ ಕುಡಿದು ಮುಗಿಸಿದವರು ಹಳೆಯ ನಿಯಮದ ಪ್ರಕಾರ ಆರೋಗ್ಯವಾಗಿದ್ದಾರೆ.

ಕುದಿಸಿದರೆ ಯುರೇನಿಯಂ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದು ಇನ್ನಷ್ಟು ಗಟ್ಟಿಯಾಗುತ್ತದೆ. ಕ್ಲೋರಿನ್ನಿಗೂ ಅದು ಬಗ್ಗದು. ಆರ್‌ಒ ಪೊರೆ, ಎಂದರೆ ಒತ್ತಡದಲ್ಲಿ ನೀರನ್ನು ಸೋಸುವ ಅತಿ ಸೂಕ್ಷ್ಮ ಹಾಳೆ, ಬಹುಪಾಲು ತಡೆಯುತ್ತದೆ. ಅಯಾನು ವಿನಿಮಯದ ರಾಳವೂ (ಕರಗಿದ್ದನ್ನು ಅಂಟಿಸಿಕೊಳ್ಳುವ ಸಣ್ಣ ಮಣಿಗಳು) ಹಿಡಿಯುತ್ತದೆ. ಆರ್‌ಒ ಪೊರೆಯ ಶುದ್ಧ ಕುಡಿಯುವ ನೀರಿನ ಘಟಕ ಊರೂರಿಗೆ ಬಂದಿತು, ಐದರ ನಾಣ್ಯ ಹಾಕಿದರೆ ಒಂದು ಕ್ಯಾನ್. ಉದ್ಘಾಟನೆಯ ದಿನ ಟಿಡಿಎಸ್ ಮೀಟರ್ ಅದ್ದಿ ತೋರಿಸಿದರೆ ಜನ ಚಪ್ಪಾಳೆ ತಟ್ಟುತ್ತಾರೆ. ಆ ಮೀಟರ್ ಲೆಕ್ಕ ಹಾಕುವುದು ಕರಗಿದ ಒಟ್ಟು ಲವಣವನ್ನು, ಅದೂ ಮಿಲಿಗ್ರಾಂಗಳಲ್ಲಿ. 60 ಮೈಕ್ರೋಗ್ರಾಂ ಎಂದರೆ 0.06 ಮಿಲಿಗ್ರಾಂ. ಪೊರೆ ಸವೆದರೆ ಲವಣ ಏರಿದ್ದು ಮೀಟರಿಗೆ ಕಂಡೀತು, ಜೊತೆಗೆ ನುಸುಳಿದ ಯುರೇನಿಯಂ ಕಾಣಿಸುವುದಿಲ್ಲ, ಫೋಟೋದಲ್ಲಿಯಂತೂ ಕಾಣಿಸುವುದೇ ಇಲ್ಲ.

ಪೊರೆ ತಡೆದದ್ದು ಎಲ್ಲಿಗೆ ಹೋಗುತ್ತದೆ ಎಂದು ಉದ್ಘಾಟನೆಯಲ್ಲಿ ಕೇಳುವುದು ಅಪಶಕುನ. ಎಳೆದ ನೀರಿನಲ್ಲಿ ಅರ್ಧ ಶುದ್ಧವಾದರೆ, ಉಳಿದರ್ಧದಲ್ಲಿ ಯುರೇನಿಯಂ ಹೆಚ್ಚುಕಡಿಮೆ ಇಮ್ಮಡಿ. ಘಟಕದ ಹಿಂದಿನ ಪೈಪು ಅದನ್ನು ಪಕ್ಕದ ಗುಂಡಿಗೆ ಬಿಡುತ್ತದೆ. ಗುಂಡಿಯ ಪಕ್ಕದಲ್ಲೇ ಕೊಳವೆಬಾವಿ. ಇದನ್ನು ಅಂತರ್ಜಲ ಮರುಪೂರಣ ಎಂದು ಬರೆದುಕೊಂಡರೆ ಇನ್ನೊಂದು ಬಿಲ್ಲೂ ಆಗುತ್ತದೆ.

ಗುಂಡಿಯ ನೀರು ಮತ್ತೆ ಕೊಳವೆಗೆ ಇಳಿಯುತ್ತದೆಯೇ ಎಂದು ಕೇಳಿದರೆ ಉತ್ತರ ಸಿದ್ಧವಾಗಿದೆ: ಚಿಂತೆ ಬೇಡ, ಹೊಸ ಕೊಳವೆಬಾವಿ ಮಂಜೂರಾಗಿದೆ, ಇನ್ನೂರು ಅಡಿ ಹೆಚ್ಚು ಆಳಕ್ಕೆ.